ಹೇಗೆ ಬಂತು ಎಂಬ ಪ್ರಶ್ನೆ

ನಾಲ್ಕನೆಯ ತರಗತಿಗೆ ಕೊಟ್ಟ ಒಂದು ಕಿರುಪರೀಕ್ಷೆಯಲ್ಲಿ 3200ನ್ನು 4ರಿಂದ ಭಾಗಿಸುವ ಲೆಕ್ಕವಿತ್ತು. ನಾನು ಆಗ ಸೇವೆಗೆ ಸೇರಿ ಎರಡೇ ವರ್ಷವಾಗಿತ್ತು. ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕಟಪಾಡಿಯ ಬಳಿ ಇಳಿದು ಶಂಕರಪುರದ ಕಡೆಗೆ ಒಳಹೊಕ್ಕರೆ ಸಿಗುವ ಹಳ್ಳಿಗಳಲ್ಲಿ ಒಂದರ ಕನ್ನಡ ಶಾಲೆ ಅದು. ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಭಾಗಾಕಾರದ ಗೆರೆಯನ್ನೂ ಎಳೆಯದೆ, ಒಂದು ಹಂತವನ್ನೂ ತೋರಿಸದೆ, ಲೆಕ್ಕದ ಪಕ್ಕದಲ್ಲಿ 800 ಎಂದಷ್ಟೇ ಬರೆದಿದ್ದಳು. ಉಳಿದ ಭಾಗಾಕಾರದ ಲೆಕ್ಕಗಳಲ್ಲಿ ಅವಳ ಉತ್ತರಗಳೆಲ್ಲ ತಪ್ಪಾಗಿದ್ದವು. ಪಕ್ಕದಲ್ಲಿ ಕುಳಿತವಳ ಹಾಳೆಯಲ್ಲಿ ಹಂತಗಳ ಸಮೇತ ಅದೇ 800 ಇತ್ತು. ನಾನು ಹೆಚ್ಚು ಯೋಚಿಸಲಿಲ್ಲ. ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ, ತರಗತಿಯ ಎದುರಿಗೆ ಅವಳನ್ನು ನಿಲ್ಲಿಸಿ, ನೋಡಿ ಬರೆಯುವುದು ಕಳ್ಳತನಕ್ಕೆ ಸಮ ಎಂದು ಹೇಳಿದೆ. ಅವಳು ತಲೆ ತಗ್ಗಿಸಿ ನಿಂತಳೇ ಹೊರತು ಒಂದು ಮಾತೂ ಆಡಲಿಲ್ಲ.

ಮುಂದಿನ ವಾರ ಅವಳು ಮೂರು ದಿನ ಶಾಲೆಗೆ ಬರಲಿಲ್ಲ. ವಿಚಾರಿಸಲೆಂದು ಒಂದು ಶನಿವಾರ ಮಧ್ಯಾಹ್ನ ಅವಳ ಮನೆಗೆ ಹೋದೆ. ಜ್ವರ ಬಂದಿತ್ತಂತೆ, ಆಗಲೇ ಇಳಿದಿತ್ತು. ಜಗಲಿಯಲ್ಲಿ ಅವಳ ಅಜ್ಜಿ ಮರುದಿನಕ್ಕೆ ಬೇಕಾದ ಬಾಳೆನಾರನ್ನು ಸೀಳಿ ಇಡುತ್ತಿದ್ದರು. ಅಂಗಳದ ತುಂಬ ಮಲ್ಲಿಗೆಯ ಗಿಡಗಳು. ಮಾತಿಗೆ ಮಾತು ಬಂದು, ದಿನಕ್ಕೆ ಎಷ್ಟು ಹೂ ಆಗುತ್ತದೆ ಎಂದು ನಾನು ಕೇಳಿದಾಗ ಉತ್ತರ ಹೇಳಿದ್ದು ಅಜ್ಜಿಯಲ್ಲ, ಚಾಪೆಯ ಮೇಲೆ ಕುಳಿತಿದ್ದ ಈ ಹುಡುಗಿ. “ಇವತ್ತು ಮೂರು ಚೆಂಡು ಆಯಿತು ಟೀಚರೇ. ಇನ್ನೊಂದು ಚೆಂಡು ಆಗಿದ್ದರೆ ಒಂದು ಅಟ್ಟೆ ಆಗುತ್ತಿತ್ತು.” ಚೆಂಡು ಎಂದರೆ ಎಷ್ಟು ಎಂದು ಕೇಳಿದೆ. ಇಷ್ಟೂ ತಿಳಿಯದವರು ಶಾಲೆಯಲ್ಲಿ ಕಲಿಸುತ್ತಾರೆಯೇ ಎಂಬಂತೆ ಅವಳು ನನ್ನ ಮುಖ ನೋಡಿದಳು. “ಎಂಟುನೂರು ಹೂ. ನಾಲ್ಕು ಚೆಂಡಿಗೆ ಒಂದು ಅಟ್ಟೆ.”

ಉಡುಪಿ ಮಲ್ಲಿಗೆಯ ಲೆಕ್ಕವನ್ನು ಬಲ್ಲವರಿಗೆ ಇಲ್ಲಿ ವಿವರಣೆ ಬೇಕಿಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಆದ್ದರಿಂದ ಅಟ್ಟೆಗೆ 3200 ಹೂ. ಶಂಕರಪುರದ ಹೂ ಮಾರುವ ಕಟ್ಟೆಯಲ್ಲಿ ದಿನದಿನವೂ ಗೊತ್ತಾಗುವ ದರ ಈ ಅಟ್ಟೆಯ ಲೆಕ್ಕದಲ್ಲಿಯೇ ಇರುತ್ತದೆ. ನಾನು ಬೇರೆ ಊರಿನಿಂದ ಬಂದವಳಾಗಿದ್ದುದರಿಂದ ನನಗದು ತಿಳಿದಿರಲಿಲ್ಲ. ನನ್ನ ಪ್ರಶ್ನೆಪತ್ರಿಕೆಯ 3200 ಎಲ್ಲಿಂದಲೋ ಹೊಳೆದ ಸಂಖ್ಯೆ. ಅವಳಿಗೋ ಅದು ಬೆಳಗಿನ ಜಾವದಲ್ಲಿ ಅಮ್ಮನ ಜೊತೆ ಕೊಯ್ದು, ನಾರಿನಲ್ಲಿ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿಟ್ಟ ಹೂವಿನ ಸಂಖ್ಯೆ. ಅದನ್ನು ನಾಲ್ಕು ಪಾಲು ಮಾಡಿದರೆ ಎಷ್ಟೆಂದು ಹೇಳಲು ಗೆರೆ ಎಳೆದು ಹಂತ ತೋರಿಸುವ ಅಗತ್ಯ ಅವಳಿಗೆ ಕಂಡಿರಲಿಲ್ಲ.

ಸೋಮವಾರ ತರಗತಿಯ ಎದುರಿಗೇ ಅವಳ ಕ್ಷಮೆ ಕೇಳಿದೆ. ಆ ಕ್ಷಮೆ ಎಷ್ಟು ಮುಟ್ಟಿತೋ ನನಗೆ ಗೊತ್ತಿಲ್ಲ. ಕಳ್ಳಿ ಎಂಬ ಮಾತು ಒಮ್ಮೆ ಕಿವಿಗೆ ಬಿದ್ದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭವಲ್ಲ. ಇದಾಗಿ ಇಪ್ಪತ್ತು ವರ್ಷಗಳೇ ಕಳೆದರೂ, ಯಾವ ಮಗುವಿನ ಹಾಳೆಯ ಮೇಲೆ ಕೆಂಪು ಶಾಯಿಯ ಪೆನ್ನು ಎತ್ತಿದರೂ ಆ ತಗ್ಗಿದ ತಲೆ ನೆನಪಾಗುತ್ತದೆ.

ಆದರೆ ಈ ಘಟನೆಯಿಂದ ನಾನು ಮೊದಲು ಕಲಿತ ಪಾಠ ಅರ್ಧ ಮಾತ್ರ ಸರಿಯಾಗಿತ್ತು. ಮಕ್ಕಳಿಗೆ ಮನೆಯಲ್ಲಿ ಲೆಕ್ಕ ಬರುತ್ತದೆ, ಶಾಲೆಯೇ ಅದನ್ನು ಕೆಡಿಸುತ್ತದೆ ಎಂದು ನಾನು ಕೆಲವು ದಿನ ನಂಬಿದ್ದೆ. ಆ ನಂಬಿಕೆ ನಿಲ್ಲದಂತೆ ಮಾಡಿದವಳೂ ಅದೇ ಹುಡುಗಿ. ಒಂದು ದಿನ ಅವಳನ್ನು ಬಳಿಗೆ ಕರೆದು, ಹತ್ತು ಚೆಂಡು ಹೂವಾದರೆ ಎಷ್ಟು ಅಟ್ಟೆ ಎಂದು ಕೇಳಿದೆ. “ಎರಡೂವರೆ” ಎಂದು ತಡವರಿಸದೆ ಹೇಳಿದಳು. ಅದೇ ಲೆಕ್ಕವನ್ನು ಸ್ಲೇಟಿನ ಮೇಲೆ 10 ÷ 4 ಎಂದು ಬರೆದುಕೊಟ್ಟೆ. ಬಹಳ ಹೊತ್ತು ಮಗ್ಗಿ ಗೊಣಗಿಕೊಂಡು, ಭಾಗಲಬ್ಧ 2, ಶೇಷ 2 ಎಂದು ಬರೆದಳು. ಎರಡೂ ಉತ್ತರಗಳು ಸರಿ. ಆದರೆ ಅವಳು ಬಾಯಲ್ಲಿ ಹೇಳಿದ ಎರಡೂವರೆಗೂ ಕೈಯಲ್ಲಿ ಬರೆದ ಎರಡು ಮತ್ತು ಶೇಷ ಎರಡಕ್ಕೂ ಏನಾದರೂ ಸಂಬಂಧ ಉಂಟೇ ಎಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದಳು. “ಅದು ಹೂವಿನ ಲೆಕ್ಕ, ಇದು ಶಾಲೆಯ ಲೆಕ್ಕ” ಎಂದಳು.

ಆ ಮಾತನ್ನು ಬಿಡಿಸಿ ನೋಡಲು ನನಗೆ ವರ್ಷಗಳೇ ಹಿಡಿದವು. ಉಳಿದ ಆ 2 ಯಾವುದು? ಅದು ಎರಡು ಚೆಂಡು. ಒಂದು ಅಟ್ಟೆಗೆ ನಾಲ್ಕು ಚೆಂಡು ಬೇಕಾದ್ದರಿಂದ ಎರಡು ಚೆಂಡು ಎಂದರೆ ಅರ್ಧ ಅಟ್ಟೆ. ಶೇಷವಾಗಿ ಉಳಿದದ್ದು ಭಾಜಕದ ಎಷ್ಟನೆಯ ಪಾಲು ಎಂದು ಕೇಳಿದ ಕೂಡಲೇ ಶೇಷ ಭಿನ್ನರಾಶಿಯಾಗುತ್ತದೆ. ನಾವು ಭಾಗಾಕಾರವನ್ನು ಒಂದು ಪಾಠದಲ್ಲಿ, ಭಿನ್ನರಾಶಿಯನ್ನು ಇನ್ನೊಂದು ಪಾಠದಲ್ಲಿ ಕಲಿಸಿ, ನಡುವೆ ಗೋಡೆ ಕಟ್ಟಿಬಿಡುತ್ತೇವೆ. ಮನೆಯ ಲೆಕ್ಕದಲ್ಲಿ ಆ ಗೋಡೆ ಇಲ್ಲ. ಆದರೆ ಮನೆಯ ಲೆಕ್ಕಕ್ಕೂ ಒಂದು ಮಿತಿ ಉಂಟು. ಅವಳ ಎರಡೂವರೆ ಹೂವನ್ನು ಬಿಟ್ಟು ಬೇರೆಡೆಗೆ ಹೋಗುತ್ತಿರಲಿಲ್ಲ. ಹತ್ತು ಮೀಟರ್ ಬಟ್ಟೆಯನ್ನು ನಾಲ್ವರಿಗೆ ಹಂಚುವ ಲೆಕ್ಕದಲ್ಲಿ ಅವಳು ಮತ್ತೆ ಶೇಷ 2 ಎಂದೇ ಬರೆದಳು. ಹೂವಿನಲ್ಲಿ ಅವಳಿಗೆ ಕಂಡದ್ದನ್ನು ಬಟ್ಟೆಯಲ್ಲಿಯೂ, ಕೊನೆಗೆ ಹೂವೂ ಬಟ್ಟೆಯೂ ಇಲ್ಲದ ಬರಿಯ 10 ಮತ್ತು 4ರಲ್ಲಿಯೂ ಕಾಣುವಂತೆ ಮಾಡುವುದೇ ನನ್ನ ಕೆಲಸವಾಗಿತ್ತು. ಅಟ್ಟೆಗೆ 800 ರೂಪಾಯಿ ದರವಿದ್ದ ದಿನ ಒಂದು ಹೂವಿಗೆ ಎಷ್ಟು ಬಿತ್ತು ಎಂದು ಕೇಳಿದಾಗ ಇಡೀ ತರಗತಿ ಕೂಡಿ 25 ಪೈಸೆ ಎಂದು ಕಂಡುಹಿಡಿಯಿತು. ಅಂದು ಆ ಹುಡುಗಿ ಕರಿಹಲಗೆಯ ಮೇಲೆ ಹಂತಗಳನ್ನು ಬರೆದಳು. ಹಂತಗಳು ಬೇಕಾಗಿದ್ದವು, ಏಕೆಂದರೆ ಒಂದು ಹೂವಿನ ಬೆಲೆಯನ್ನು ಅವಳ ಮನೆಯಲ್ಲಿ ಯಾರೂ ಎಂದೂ ಕೇಳಿರಲಿಲ್ಲ.

ಅಂದಿನಿಂದ ನಾನು ತರಗತಿಯಲ್ಲಿ ಒಂದು ಪ್ರಶ್ನೆಯನ್ನು ರೂಢಿ ಮಾಡಿಕೊಂಡೆ: ಹೇಗೆ ಬಂತು? ಇದು ಸರಳವಾಗಿ ಕಾಣಿಸುತ್ತದೆ. ಆದರೆ ಮೊದಲ ಆರು ತಿಂಗಳು ಈ ಪ್ರಶ್ನೆ ಕೇಳಿದ ಕೂಡಲೇ ಮಕ್ಕಳು ಏನನ್ನೂ ಹೇಳದೆ ರಬ್ಬರ್ ತೆಗೆದು ಉತ್ತರವನ್ನು ಅಳಿಸಿಬಿಡುತ್ತಿದ್ದರು. ಸರಿಯಾದ ಉತ್ತರವನ್ನು ಕೂಡ ಅಳಿಸುತ್ತಿದ್ದರು. ಕಾರಣ ಹೊಳೆದದ್ದು ತಡವಾಗಿ. ಶಿಕ್ಷಕರಾದ ನಾವು ಉತ್ತರ ತಪ್ಪಿದಾಗ ಮಾತ್ರ ಹೇಗೆ ಬಂತು ಎಂದು ಕೇಳುತ್ತೇವೆ. ಉತ್ತರ ಸರಿಯಿದ್ದರೆ ಸರಿ ಗುರುತು ಹಾಕಿ ಮುಂದೆ ಹೋಗುತ್ತೇವೆ. ಮಕ್ಕಳು ಅದನ್ನು ಚೆನ್ನಾಗಿ ಗಮನಿಸಿರುತ್ತಾರೆ. ಆದ್ದರಿಂದ ನಾನು ಸರಿ ಉತ್ತರಗಳಿಗೂ, ಅವುಗಳಿಗೇ ಹೆಚ್ಚಾಗಿ, ಈ ಪ್ರಶ್ನೆ ಕೇಳಲು ತೊಡಗಿದೆ. ಅಳಿಸುವ ಕೈ ನಿಧಾನವಾಗಿ ನಿಂತಿತು. ಮನೆಯಲ್ಲಿ ತುಳುವಿನಲ್ಲಿಯೇ ಬೆಳೆದ ಮಕ್ಕಳಿಗೆ “ಎಂಚ ಬತ್ತ್‌ಂಡ್?” ಎಂದು ಕೇಳಿದರೆ ಮಾತು ಇನ್ನೂ ಬೇಗ ಹೊರಡುತ್ತಿತ್ತು.

ಭಾಷೆಯ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಗಳ ಒಂದನೆಯ ತರಗತಿಯಲ್ಲಿ ಗಣಿತ ಆರಂಭವಾಗುವುದೇ ಮೂರು ನಾಲ್ಕು ಭಾಷೆಗಳ ನಡುವೆ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ, ಇತ್ತೀಚೆಗೆ ಕೆಲಸಕ್ಕಾಗಿ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳ ಕನ್ನಡ, ಎಲ್ಲವೂ ಒಂದೇ ಕೋಣೆಯಲ್ಲಿರುತ್ತವೆ. ಮಗು ಒಂಜಿ, ರಡ್ಡ್, ಮೂಜಿ, ನಾಲ್ ಎಂದು ಎಣಿಸಲು ಕಲಿತು ಬಂದಿರುತ್ತದೆ. ನಾವು ಒಂದು, ಎರಡು, ಮೂರು, ನಾಲ್ಕು ಎಂದು ಮೊದಲಿನಿಂದ ಶುರುಮಾಡುತ್ತೇವೆ. ನಾನು ಮೊದಲು ಕೆಲಸ ಮಾಡಿದ ಇನ್ನೊಂದು ಶಾಲೆಯಲ್ಲಿ ತರಗತಿಯೊಳಗೆ ತುಳು ಮಾತನಾಡಿದರೆ ದಂಡ ಕಟ್ಟಿಸುವ ಪದ್ಧತಿಯಿತ್ತು. ಆ ದಂಡದ ಡಬ್ಬಿಗೆ ಬಿದ್ದ ನಾಣ್ಯಗಳನ್ನು ಎಣಿಸುವ ಕೆಲಸ ನನ್ನದಾಗಿತ್ತು ಎಂಬುದು ನನಗೆ ಈಗಲೂ ನೋವಿನ ಸಂಗತಿ.

ಸಂಖ್ಯೆಗಳ ಹೆಸರುಗಳಲ್ಲಿಯೇ ಎಷ್ಟೊಂದು ತೊಡಕುಗಳು ಅಡಗಿವೆ ಎಂಬುದನ್ನು ಒಂದನೆಯ ತರಗತಿಗೆ ಕಲಿಸುವವರು ಮಾತ್ರ ನೋಡುತ್ತಾರೆ. ಕನ್ನಡದಲ್ಲಿ ಹತ್ತು ಎಂಬುದು ಹನ್ನೊಂದರಲ್ಲಿ ‘ಹನ್’ ಆಗುತ್ತದೆ, ಹದಿಮೂರರಲ್ಲಿ ‘ಹದಿ’ ಆಗುತ್ತದೆ, ಹತ್ತೊಂಬತ್ತಕ್ಕೆ ಬಂದಾಗ ಮಾತ್ರ ‘ಹತ್ತ್’ ಆಗಿ ಮೊದಲಿನ ರೂಪಕ್ಕೆ ಮರಳುತ್ತದೆ. ಮಗುವಿಗೆ ಈ ಮೂರೂ ಒಂದೇ ಹತ್ತು ಎಂದು ಯಾರೂ ಹೇಳುವುದಿಲ್ಲ. ಇಪ್ಪತ್ತು ದಾಟಿದ ಮೇಲೆ ನಮ್ಮ ಭಾಷೆ ಬಹಳ ಕರುಣೆಯದು. ಇಪ್ಪತ್ತಮೂರು ಎಂದಾಗ ಮೊದಲು ಇಪ್ಪತ್ತು, ಆಮೇಲೆ ಮೂರು, ಬರೆಯುವಾಗಲೂ ಅದೇ ಕ್ರಮ. ಒಂಬತ್ತು ಮತ್ತು ತೊಂಬತ್ತು ಮಾತ್ರ ಕಿವಿಗೆ ಒಂದೇ ತೆರನಾಗಿ ಕೇಳಿ ಮಕ್ಕಳನ್ನು ದಿಕ್ಕು ತಪ್ಪಿಸುತ್ತವೆ. ತುಳುವಿನಲ್ಲಿ ಅವು ಒರ್ಂಬ ಮತ್ತು ಸೊಣ್ಪ, ಒಂದಕ್ಕೊಂದು ಹೋಲಿಕೆಯೇ ಇಲ್ಲ. ಆದರೆ ಅಲ್ಲಿ ಎಂಟು ಎಣ್ಮ, ಎಂಬತ್ತು ಎಣ್ಪ. ಒಬ್ಬ ಹುಡುಗ ಎಂಬತ್ತು ಎಂದು ಹೇಳಿದ ಕಡೆಯಲ್ಲೆಲ್ಲ 8 ಬರೆಯುತ್ತಿದ್ದ. ಅವನು ನನ್ನ ಕನ್ನಡವನ್ನು ಮನಸ್ಸಿನಲ್ಲಿಯೇ ತುಳುವಿಗೆ ತಿರುಗಿಸಿಕೊಂಡು, ಅಲ್ಲಿ ಒಂದು ಅಕ್ಷರದ ಅಂತರದಲ್ಲಿ ಜಾರುತ್ತಿದ್ದ ಎಂದು ತಿಳಿದದ್ದು ಅವನ ಬಾಯಿಂದ ಎಣಿಕೆಯನ್ನು ತುಳುವಿನಲ್ಲಿ ಹೇಳಿಸಿದ ಮೇಲೆ. ತಿಳಿದ ಮೇಲೆ ಸರಿಪಡಿಸಲು ಎರಡೇ ದಿನ ಸಾಕಾಯಿತು.

ಭಿನ್ನರಾಶಿಯಲ್ಲಿಯೂ ಇಂಥದೇ ಒಂದು ತಿರುವು ಇದೆ. ಮುಕ್ಕಾಲು ಎಂಬ ಸೊಗಸಾದ ಪದ ನಮ್ಮಲ್ಲಿದೆ, ಅದರೊಳಗೆ ಮೂರು ಕಾಲುಗಳು ಎಂಬ ಅರ್ಥವೂ ಎದ್ದು ಕಾಣುತ್ತದೆ. ಪಾಠಕ್ಕೆ ಬಂದಾಗ ಅದು ‘ನಾಲ್ಕನೆಯ ಮೂರು ಭಾಗ’ ಆಗುತ್ತದೆ. ಬರೆಯುವಾಗ ಮೇಲೆ 3, ಕೆಳಗೆ 4, ಓದುವಾಗ ಕೆಳಗಿನಿಂದ ಮೇಲಕ್ಕೆ. ಮಕ್ಕಳು ಅಂಶವನ್ನೂ ಛೇದವನ್ನೂ ಅದಲುಬದಲು ಮಾಡಿದರೆ ಅದು ಅವರ ಅಲಕ್ಷ್ಯವೆಂದು ನಾನು ಹೇಳಲಾರೆ.

ಇನ್ನು ವ್ಯವಕಲನ. 52ರಿಂದ 38ನ್ನು ಕಳೆಯಿರಿ ಎಂದರೆ ಪ್ರತಿ ವರ್ಷವೂ ಕೆಲವು ಮಕ್ಕಳು 26 ಎಂದು ಬರೆಯುತ್ತಾರೆ. ಎಂಟರಿಂದ ಎರಡು ಕಳೆದು ಆರು, ಐದರಿಂದ ಮೂರು ಕಳೆದು ಎರಡು. ಅಲಕ್ಷ್ಯದಿಂದ ಆದ ತಪ್ಪಾಗಿದ್ದರೆ ಅದು ಪ್ರತಿ ಸಲವೂ ಬೇರೆ ಬೇರೆಯಾಗಿರಬೇಕಿತ್ತು. ಇದು ಪ್ರತಿ ಸಲವೂ ಒಂದೇ ರೀತಿಯಲ್ಲಿ ಬರುತ್ತದೆ ಎಂದರೆ ಇದರ ಹಿಂದೆ ಒಂದು ನಿಯಮವಿದೆ. ಆ ನಿಯಮವನ್ನು ಕಲಿಸಿದವರು ನಾವೇ. ಒಂದನೆಯ ತರಗತಿಯಲ್ಲಿ, ಯಾವಾಗಲೂ ದೊಡ್ಡದರಿಂದ ಸಣ್ಣದನ್ನು ಕಳೆಯಬೇಕು ಎಂದು ನಾವು ಹತ್ತು ಸಲ ಹೇಳಿರುತ್ತೇವೆ. ಮಗು ಆ ಮಾತನ್ನು ನಂಬಿ ಪ್ರತಿ ಸ್ಥಾನದಲ್ಲಿಯೂ ಪಾಲಿಸುತ್ತದೆ. ನಮ್ಮ ಮಾತನ್ನು ಅಷ್ಟೊಂದು ನಿಷ್ಠೆಯಿಂದ ಪಾಲಿಸಿದ್ದಕ್ಕೆ ಅದಕ್ಕೆ ಸಿಗುವುದು ತಪ್ಪು ಗುರುತು.

ಇದನ್ನು ಸರಿಪಡಿಸಲೆಂದು ನಾವು ಹೇಳಿಕೊಡುವುದು ಸಾಲ ತೆಗೆಯುವ ಮಾತು. ‘ಎರಡರಿಂದ ಎಂಟು ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಸಾಲ ತಗೋ.’ ನಾನೂ ವರ್ಷಗಟ್ಟಲೆ ಹೀಗೆಯೇ ಕಲಿಸಿದೆ. ಒಂದು ದಿನ ಮೂರನೆಯ ತರಗತಿಯ ಹುಡುಗನೊಬ್ಬ ಬಹಳ ಗಂಭೀರವಾಗಿ ಕೇಳಿದ: “ಟೀಚರೇ, ಸಾಲ ತೆಗೊಂಡದ್ದನ್ನು ಯಾವಾಗ ಕೊಡುದು?” ಅವನ ಅಮ್ಮ ಸ್ವಸಹಾಯ ಸಂಘದಿಂದ ಸಾಲ ತೆಗೆದು ವಾರವಾರ ಕಂತು ಕಟ್ಟುತ್ತಿದ್ದರು. ವಾರದ ಸಭೆಗೆ ದುಡ್ಡು ಹೊಂದಿಸುವ ಕಷ್ಟವನ್ನು ಅವನು ಕಣ್ಣಾರೆ ಕಂಡಿದ್ದ. ಸಾಲವನ್ನು ಹಿಂದಿರುಗಿಸದೆ ಇರುವ ಮನೆ ಅವನಿಗೆ ಗೊತ್ತಿರಲಿಲ್ಲ. ಅದೂ ಅಲ್ಲದೆ, ಪಕ್ಕದ ಮನೆಯಿಂದ ತಂದದ್ದು ಒಂದು, ನಮ್ಮ ಮನೆಗೆ ಬಂದಾಗ ಅದು ಹತ್ತು ಹೇಗಾಗುತ್ತದೆ ಎಂಬ ಅವನ ಎರಡನೆಯ ಪ್ರಶ್ನೆಗೆ ನನ್ನ ಸಾಲದ ಕಥೆಯಲ್ಲಿ ಉತ್ತರವೇ ಇರಲಿಲ್ಲ.

ಆ ದಿನ ಸಂಜೆ ಮನೆಯ ಹಳೆಯ ಹಿಡಿಸೂಡಿ ಪೊರಕೆಯನ್ನು ಬಿಚ್ಚಿ, ಕಡ್ಡಿಗಳನ್ನು ಸಮನಾಗಿ ಕತ್ತರಿಸಿ, ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೋದೆ. ಇಂಥ ಸಲಕರಣೆಗಳು ಹೊಸತೇನಲ್ಲ. ತಂತಿಗೆ ಮಣಿ ಪೋಣಿಸಿದ ಮಣಿಕಟ್ಟು, ಕಡ್ಡಿ, ಬೀಜಗಳು ಚಟುವಟಿಕೆಗಳ ಮೂಲಕ ಕಲಿಸುವ ನಲಿ ಕಲಿ ಪದ್ಧತಿಯಲ್ಲಿ ಮೊದಲಿನಿಂದಲೂ ಇವೆ. ಆ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವ್ಯಾಪಿಸಿತು. ಅದರ ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ನಾನು ಮೆಚ್ಚುತ್ತೇನೆ. ಆದರೆ ಕಡ್ಡಿ ಮಗುವಿನ ಕೈಯಲ್ಲಿದ್ದು, ಬಾಯಲ್ಲಿ ಸಾಲದ ಮಾತಿದ್ದರೆ ಪ್ರಯೋಜನ ಕಡಿಮೆ. ಆದ್ದರಿಂದ ನಾನು ಮಾತನ್ನೇ ಬದಲಾಯಿಸಿದೆ. ಸಾಲ ತೆಗೆಯುವುದಲ್ಲ, ಕಟ್ಟು ಬಿಚ್ಚುವುದು. ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳಿವೆ. ಎಂಟು ಬಿಡಿ ಕೊಡಬೇಕು, ಇಲ್ಲ. ಒಂದು ಕಟ್ಟು ಬಿಚ್ಚಿದರೆ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಯಾರಿಂದಲೂ ಏನನ್ನೂ ತಂದಿಲ್ಲ, ಕಡ್ಡಿ ಆಗಲೂ ಐವತ್ತೆರಡು, ಈಗಲೂ ಐವತ್ತೆರಡು. ಮೂರು ಕಟ್ಟು, ಎಂಟು ಬಿಡಿ ಕೊಟ್ಟ ಮೇಲೆ ಉಳಿದದ್ದು ಒಂದು ಕಟ್ಟು, ನಾಲ್ಕು ಬಿಡಿ.

ಅದೇ ತರಗತಿಯಲ್ಲಿದ್ದ ಇನ್ನೊಬ್ಬಳ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಕಟ್ಟು ಎಂದ ಕೂಡಲೇ ಅವಳು ಎದ್ದುನಿಂತು, ತನ್ನ ಮನೆಯ ಕಟ್ಟಿಗೆ ಇಪ್ಪತ್ತೈದು, ಟೀಚರರ ಕಟ್ಟಿಗೆ ಯಾಕೆ ಹತ್ತೇ ಎಂದು ಕೇಳಿದಳು. ನನ್ನ ಸೇವೆಯಲ್ಲಿ ಮಗುವೊಂದು ಕೇಳಿದ ಅತಿ ಆಳವಾದ ಪ್ರಶ್ನೆಗಳಲ್ಲಿ ಇದು ಒಂದು. ಸಾವಿರ ಬೀಡಿಗೆ ನಲವತ್ತು ಕಟ್ಟು ಎಂದು ಅವಳಿಗೆ ಬಾಯಿಪಾಠವಿತ್ತು. ಕಟ್ಟಿನ ಗಾತ್ರ ನಮ್ಮ ಇಷ್ಟ, ಇಪ್ಪತ್ತೈದು ಮಾಡಬಹುದು, ಹನ್ನೆರಡು ಮಾಡಿ ಡಜನ್ ಎನ್ನಬಹುದು, ಎಂಟುನೂರು ಮಾಡಿ ಚೆಂಡು ಎನ್ನಬಹುದು. ಬರೆಯುವ ಅಂಕಿಗಳಿಗಾಗಿ ಮನುಷ್ಯರು ಹತ್ತರ ಕಟ್ಟನ್ನು ಆಯ್ದುಕೊಂಡರು, ಬಹುಶಃ ಕೈಯಲ್ಲಿ ಹತ್ತು ಬೆರಳಿರುವುದರಿಂದ, ಎಂದು ಹೇಳಿದೆ. ಆ ವಾರವೆಲ್ಲ ಮಕ್ಕಳು ಐದರ ಕಟ್ಟು, ಏಳರ ಕಟ್ಟು ಮಾಡಿ ಲೆಕ್ಕ ಮಾಡಿದರು. ಪಾಠಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ನಾನು ಜಾಗ ಮಾಡಿದೆ.

ಮಗ್ಗಿಯ ವಿಷಯದಲ್ಲಿ ನನ್ನ ನಿಲುವು ಎರಡೂ ಕಡೆಯವರಿಗೆ ಹಿಡಿಸುವುದಿಲ್ಲ. ನಾನು ಚಿಕ್ಕವಳಿದ್ದಾಗ ಸಂಜೆ ದೀಪ ಹಚ್ಚಿ ಭಜನೆಯಾದ ಮೇಲೆ ಎರಡೊಂದಲ ಎರಡು, ಎರಡೆರಡಲ ನಾಲ್ಕು ಎಂದು ಇಪ್ಪತ್ತರವರೆಗೆ ಹೇಳದೆ ಊಟಕ್ಕೆ ಕೂರುವಂತಿರಲಿಲ್ಲ. ಅಜ್ಜ ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನೂ ಹೇಳುತ್ತಿದ್ದರು. ಹದಿನಾಲ್ಕು ಮೂರ್ಲ ನಲವತ್ತೆರಡು ಎಂಬುದು ಅವರಿಗೆ ಅಕ್ಕಿಯ ಲೆಕ್ಕ: ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಬಾಯಿಗೆ ಬಂದ ಮಗ್ಗಿ ಮನಸ್ಸಿನ ಭಾರವನ್ನು ಇಳಿಸುತ್ತದೆ, ಅದನ್ನು ಬೇಡವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಮಗ್ಗಿಯಷ್ಟೇ ಗಣಿತವೆಂದು ಅಳೆಯುವವರಿಂದ ಮಕ್ಕಳಿಗೆ ಆಗುವ ಅನ್ಯಾಯವನ್ನು ನಾನು ಕಣ್ಣೆದುರಿಗೇ ಕಂಡಿದ್ದೇನೆ. ಒಮ್ಮೆ ಶಾಲೆಗೆ ಬಂದ ಮೇಲಧಿಕಾರಿಯೊಬ್ಬರು ಐದನೆಯ ತರಗತಿಯ ಹುಡುಗನಿಗೆ ಹದಿಮೂರೇಳ್ಲ ಎಷ್ಟು ಎಂದು ಕೇಳಿದರು. ಅವನಿಗೆ ಆ ಮಗ್ಗಿ ಬಾಯಿಪಾಠವಿರಲಿಲ್ಲ. ಅವನ ತುಟಿ ಅಲುಗುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಹತ್ತೇಳ್ಲ ಎಪ್ಪತ್ತು, ಮೂರೇಳ್ಲ ಇಪ್ಪತ್ತೊಂದು, ಎರಡನ್ನೂ ಕೂಡಿಸುತ್ತಿದ್ದ. ಮುಂದೆ ಪ್ರೌಢಶಾಲೆಯಲ್ಲಿ ಆವರಣ ಬಿಡಿಸುವಾಗ ಬರುವ ನಿಯಮ ಅದು, ಅವನು ಅದನ್ನು ತಾನಾಗಿ ಕಂಡುಕೊಂಡಿದ್ದ. ಅವನು ತೊಂಬತ್ತೊಂದು ಎನ್ನುವಷ್ಟರಲ್ಲಿ ಅವರು ಮುಂದಿನ ಮಗುವಿನ ಬಳಿಗೆ ಹೋಗಿಯಾಗಿತ್ತು. ಸಂದರ್ಶನ ಪುಸ್ತಕದಲ್ಲಿ ‘ಮಕ್ಕಳಿಗೆ ಮಗ್ಗಿ ಬರುವುದಿಲ್ಲ’ ಎಂದು ಬರೆದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಆಲೋಚನೆಯನ್ನೇ ಗಣಿತದ ಹಾದಿಗೆ ತರುವುದು ಗಣಿತ ಶಿಕ್ಷಣದ ಮುಖ್ಯ ಗುರಿ ಎಂದು ಹೇಳಿತ್ತು. 2021ರ ಜುಲೈಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಕೂಡ ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವಿಗೂ ಸಂಖ್ಯಾಜ್ಞಾನ ಬರಬೇಕೆಂದು ಹೇಳುತ್ತದೆ. ಒಂದು ಮಗು ಉತ್ತರಿಸಲು ತೆಗೆದುಕೊಳ್ಳುವ ಅರ್ಧ ನಿಮಿಷವನ್ನು ಕಾಯದಿದ್ದರೆ ಈ ಗುರಿಗಳಲ್ಲಿ ಯಾವುದನ್ನೂ ಅಳೆಯಲು ಬರುವುದಿಲ್ಲ.

ಕಾಯುವುದನ್ನು ನನಗೆ ಕಲಿಸಿದ್ದು ಚೆನ್ನೆಮಣೆ ಎಂಬ ಕುಳಿಗಳ ಹಲಗೆಯಾಟ. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಆಡಲಾಗದಿದ್ದಾಗ ಶಾಲೆಗೆ ಒಂದು ಮಣೆ ತಂದಿಟ್ಟೆ. ಏಳೇಳರ ಎರಡು ಸಾಲು, ಹದಿನಾಲ್ಕು ಕುಳಿ, ಕುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿ. ಭಾಗಾಕಾರದಲ್ಲಿ ಹಿಂದುಳಿದವಳೆಂದು ನಾನು ಗುರುತು ಹಾಕಿದ್ದ ಹುಡುಗಿ ಮಣೆಯನ್ನು ಸುಮ್ಮನೆ ನೋಡುತ್ತ ಕುಳಿತಿರುತ್ತಿದ್ದಳು. ಆಮೇಲೆ ಒಂದು ಕುಳಿಯಿಂದ ಕಾಯಿ ಎತ್ತಿದರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆ, ಅಲ್ಲಿಂದ ಮುಂದೆ ಏನಾಗುತ್ತದೆ ಎಂಬುದು ಅವಳಿಗೆ ಮೊದಲೇ ತಿಳಿದಿರುತ್ತಿತ್ತು. ಅವಳು ಸುಮ್ಮನಿದ್ದಾಗ ಲೆಕ್ಕ ನಡೆಯುತ್ತಿತ್ತು. ತರಗತಿಯಲ್ಲಿ ಅವಳ ಅದೇ ಮೌನವನ್ನು ನಾನು ಉತ್ತರ ಗೊತ್ತಿಲ್ಲವೆಂದು ತಿಳಿದಿದ್ದೆ.

ಸೊನ್ನೆಯ ಬಗ್ಗೆ ಬರೆಯದಿದ್ದರೆ ಈ ಬರಹ ಅಪೂರ್ಣ. ನಾನೂರ ಏಳು ಬರೆಯಿರಿ ಎಂದರೆ 4007 ಎಂದು ಬರೆಯುವ ಮಗು ಕಿವಿಗೆ ಕೇಳಿದ್ದನ್ನು ಚಾಚೂ ತಪ್ಪದೆ ಬರೆದಿರುತ್ತದೆ: ನಾನೂರು, ಆಮೇಲೆ ಏಳು. ಹತ್ತರ ಸ್ಥಾನದಲ್ಲಿ ಏನೂ ಇಲ್ಲ ಎಂಬುದನ್ನು ಮಾತು ಹೇಳುವುದೇ ಇಲ್ಲ, ಬರಹ ಮಾತ್ರ ಹೇಳಬೇಕು. ಮಣಿಕಟ್ಟಿನ ಖಾಲಿ ತಂತಿಯನ್ನು ತೋರಿಸಿದಾಗ ಇದು ಬೇಗ ಅರ್ಥವಾಗುತ್ತದೆ.

ಕಷ್ಟವಾದದ್ದು ಇನ್ನೊಂದು ಪ್ರಶ್ನೆ. ಐದನೆಯ ತರಗತಿಯಲ್ಲಿ ಒಬ್ಬ ಹುಡುಗ, ಆರನ್ನು ಸೊನ್ನೆಯಿಂದ ಭಾಗಿಸಿದರೆ ಆರೇ ಎಂದು ಹಟ ಹಿಡಿದ. ಹೇಗೆ ಬಂತು ಎಂದು ಕೇಳಿದೆ. “ಆರು ಚಕ್ಕುಲಿ ಉಂಟು. ತಿನ್ನಲಿಕ್ಕೆ ಯಾರೂ ಇಲ್ಲ. ಚಕ್ಕುಲಿ ಅಲ್ಲೇ ಇರ್ತದಲ್ಲ ಟೀಚರೇ.” ತರಗತಿಯಲ್ಲಿ ಬಹಳ ಮಂದಿ ಅವನ ಪಕ್ಷ ವಹಿಸಿದರು. ನಾನು ಅವನಿಗೆ, ನೀನು ಹೇಳಿದ್ದನ್ನೇ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ನಾಡಿನ ಒಬ್ಬ ದೊಡ್ಡ ಗಣಿತಜ್ಞರು ಬರೆದಿದ್ದಾರೆ ಎಂದು ಹೇಳಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದೇ ಹೇಳಿದರು. ಅದಕ್ಕೂ ಮೊದಲು 628ರಲ್ಲಿ ಬ್ರಹ್ಮಗುಪ್ತರು ಸೊನ್ನೆಯ ನಿಯಮಗಳನ್ನು ಬರೆದಿದ್ದರು, ಆಮೇಲೆ 1150ರಲ್ಲಿ ಭಾಸ್ಕರಾಚಾರ್ಯರು ಅಂಥ ರಾಶಿಗೆ ಖಹರ ಎಂದು ಹೆಸರಿಟ್ಟು ಅದು ಅನಂತವೆಂದರು. ಅಷ್ಟು ದೊಡ್ಡವರೂ ಈ ಒಂದು ಲೆಕ್ಕದಲ್ಲಿ ಬೇರೆ ಬೇರೆ ಉತ್ತರ ಕೊಟ್ಟರು ಎಂದು ಕೇಳಿದಾಗ ಆ ಹುಡುಗನ ಮುಖದಲ್ಲಿ ಕಂಡ ಬೆಳಕನ್ನು ನಾನು ಮರೆಯಲಾರೆ.

ಹಾಗೆಂದು ಅವನ ಉತ್ತರವನ್ನು ಸರಿಯೆಂದು ಬಿಟ್ಟುಬಿಡಲಿಲ್ಲ. ಆರರಿಂದ ಎರಡೆರಡಾಗಿ ತೆಗೆಯುತ್ತ ಹೋದರೆ ಮೂರು ಸಲಕ್ಕೆ ಮುಗಿಯುತ್ತದೆ, ಆದ್ದರಿಂದ ಆರು ಭಾಗಿಸು ಎರಡು ಮೂರು. ಈಗ ಆರರಿಂದ ಸೊನ್ನೆ ಸೊನ್ನೆಯಾಗಿ ತೆಗೆಯುತ್ತ ಹೋಗಿರಿ ಎಂದೆ. ಮಕ್ಕಳು ಖಾಲಿ ಕೈಯಿಂದ ಚಕ್ಕುಲಿ ತೆಗೆಯುವ ನಟನೆ ಮಾಡುತ್ತ ಎಣಿಸತೊಡಗಿದರು. ಇಪ್ಪತ್ತರ ಹೊತ್ತಿಗೆ ಒಬ್ಬಳು, ಇದು ಬೆಲ್ ಹೊಡೆದರೂ ಮುಗಿಯುವುದಿಲ್ಲ ಎಂದಳು. ಇನ್ನೊಬ್ಬ, ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೆ ಆರು ಬರುತ್ತದೆ ಎಂದು ತಾನೇ ಕೇಳಿಕೊಂಡು, ಯಾವುದರಿಂದಲೂ ಇಲ್ಲ ಎಂದು ತಾನೇ ಉತ್ತರಿಸಿದ. ಚಕ್ಕುಲಿಯ ಹುಡುಗ ಕೊನೆಯವರೆಗೂ ಸುಮ್ಮನಿದ್ದು, “ಹಾಗಾದರೆ ನಾನು ಹೇಳಿದ್ದು ಹಂಚಿದ್ದರ ಲೆಕ್ಕ ಅಲ್ಲ, ಉಳಿದದ್ದರ ಲೆಕ್ಕ” ಎಂದ. ಅವನ ತಪ್ಪು ಎಲ್ಲಿತ್ತೆಂದು ನಾನು ಹೇಳುವುದಕ್ಕಿಂತ ಚೆನ್ನಾಗಿ ಅವನೇ ಹೇಳಿದ್ದ.

ಇಂದು ಮೂರನೆಯ ತರಗತಿಯ ಪುಸ್ತಕಗಳನ್ನು ತಿದ್ದಲು ಮನೆಗೆ ತಂದಿದ್ದೇನೆ. ಒಂದು ಪುಸ್ತಕದಲ್ಲಿ 305ರಿಂದ 8ನ್ನು ಕಳೆದು 207 ಎಂದು ಬರೆದಿದೆ. ಬರಬೇಕಾದದ್ದು 297, ತೊಂಬತ್ತು ಎಲ್ಲಿಯೋ ಕಳೆದುಹೋಗಿದೆ. ಅಂಕಿಗಳ ಮೇಲಿನ ಗೀಟುಗಳನ್ನು ನೋಡಿದರೆ ಅವನು ನೂರರ ದೊಡ್ಡ ಕಟ್ಟೊಂದನ್ನು ಬಿಚ್ಚಿ, ಅದರೊಳಗಿನ ಹತ್ತರ ಒಂದು ಕಟ್ಟನ್ನು ಮತ್ತೆ ಬಿಚ್ಚಿ ಬಿಡಿಗೆ ಸೇರಿಸಿದ್ದಾನೆ ಎಂದು ಅನ್ನಿಸುತ್ತದೆ. ಉಳಿದ ಒಂಬತ್ತು ಕಟ್ಟುಗಳು ಅವನ ಮನಸ್ಸಿನ ಯಾವ ಮೂಲೆಯಲ್ಲಿವೆಯೋ ಕಾಗದದ ಮೇಲೆ ಕಾಣುವುದಿಲ್ಲ. ಅಥವಾ ನನ್ನ ಊಹೆಯೇ ತಪ್ಪಾಗಿದ್ದು ಅವನ ದಾರಿ ಬೇರೆಯೇ ಇರಬಹುದು. ಆ ಲೆಕ್ಕಕ್ಕೆ ಸರಿಯೆಂದಾಗಲಿ ತಪ್ಪೆಂದಾಗಲಿ ಗುರುತು ಹಾಕಿಲ್ಲ. ಹತ್ತರ ಹತ್ತು ಕಟ್ಟುಗಳಿಗೆ ನೂರರ ಒಂದು ಕಟ್ಟಿನಂತೆ ಮೂರು ಕಟ್ಟು ಮಾಡಿ, ಐದು ಬಿಡಿ ಕಡ್ಡಿಗಳ ಜೊತೆಗೆ ಚೀಲದಲ್ಲಿಟ್ಟಿದ್ದೇನೆ. ನಾಳೆ ಮೊದಲ ಪಿರಿಯಡಿನಲ್ಲಿ ಅವನ ಪಕ್ಕದಲ್ಲಿ ಕುಳಿತು ಕೇಳಬೇಕು.